ಪಿಚರ್‌ಗೆ ಕೊಟ್ಟ ದುಡ್ಡು ಸರಿಯೇ? ಅಂಕಿಗಳನ್ನು ಓದುವ ಕ್ರಮ

ಋತುವಿನ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿದ ಕೂಡಲೇ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಲ್ಲಿ ವಾದ ಶುರುವಾಗುತ್ತದೆ: ಯಾವ ಪಿಚರ್‌ನನ್ನು (ಬ್ಯಾಟರ್‌ಗೆ ಚೆಂಡೆಸೆಯುವವನನ್ನು) ಉಳಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೊಡಬೇಕು. ಬಹಳಷ್ಟು ಜನ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಸರಾಸರಿ ಕೊಟ್ಟ ರನ್; ಕಡಿಮೆ ಇದ್ದಷ್ಟೂ ಒಳ್ಳೆಯದು) ಒಂದನ್ನೇ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಆ ಅಂಕಿ ಕಳೆದ ವರ್ಷದ್ದು, ಒಪ್ಪಂದದ ದುಡ್ಡು ಮುಂದಿನ ವರ್ಷಗಳಿಗೆ. ಇವೆರಡರ ನಡುವಿನ ಅಂತರವನ್ನು ಅಳೆಯಲು ಬಂದರೆ ಅರ್ಧ ವಾದ ಗೆದ್ದಂತೆ. ಬೇ ಏರಿಯಾದ ಕನ್ನಡಿಗರಿಗೆ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ಊರಿನ ತಂಡ. ಹಾಗಾಗಿ ಆ ತಂಡಕ್ಕೆ ಬಂದು ಹೋದ ಪಿಚರ್ ಬ್ಲೇಕ್ ಸ್ನೆಲ್‌ನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಇಆರ್‌ಎ. ಪಿಚರ್‌ನ ಲೆಕ್ಕಕ್ಕೆ ಬಿದ್ದ ರನ್‌ಗಳನ್ನು (ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು) 9ರಿಂದ ಗುಣಿಸಿ, ಎಸೆದ ಇನಿಂಗ್ಸ್‌ನಿಂದ ಭಾಗಿಸಿ. ಬೇಸ್‌ಬಾಲ್‌ನಲ್ಲಿ ಒಂದು ಇನಿಂಗ್ಸ್ ಎಂದರೆ ಎದುರಾಳಿಯ ಮೂವರು ಔಟ್ ಆಗುವವರೆಗಿನ ಸರದಿ, ಪಂದ್ಯಕ್ಕೆ ಇಂಥ ಒಂಬತ್ತು. 2023ರಲ್ಲಿ ಸ್ಯಾನ್ ಡಿಯಾಗೋ ಪಾಡ್ರೇಸ್ ಪರ ಸ್ನೆಲ್ ಎಸೆದ 180 ಇನಿಂಗ್ಸ್‌ನಲ್ಲಿ ಅವನ ಲೆಕ್ಕಕ್ಕೆ ಬಿದ್ದದ್ದು 45 ರನ್, ಇಆರ್‌ಎ 2.25. ಇಲ್ಲಿ ಒಂದು ಎಚ್ಚರಿಕೆ: 61.1 ಇನಿಂಗ್ಸ್ ಎಂದು ಬರೆದಿದ್ದರೆ ಅದು 61 ಮತ್ತು ಮೂರರಲ್ಲೊಂದು. ಕ್ಯಾಲ್ಕ್ಯುಲೇಟರ್‌ಗೆ 61.33 ಎಂದೇ ಹಾಕಬೇಕು.

ಇಆರ್‌ಎ ಯಾಕೆ ದಾರಿ ತಪ್ಪಿಸುತ್ತದೆ? ಬ್ಯಾಟಿಗೆ ತಗುಲಿದ ಚೆಂಡು ಫೀಲ್ಡರ್ ಕೈಗೆ ಹೋಯಿತೋ ಸಂದಿಯಲ್ಲಿ ತೂರಿತೋ ಎಂಬುದರಲ್ಲಿ ಪಿಚರ್‌ನ ಪಾಲು ಕಡಿಮೆ. ಹೀಗೆ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ (ಬ್ಯಾಟರ್ ಔಟಾಗದೆ ಬೇಸ್, ಅಂದರೆ ಓಟದ ನಿಲ್ದಾಣ, ಮುಟ್ಟುವಂತೆ ಮಾಡಿದ ಹೊಡೆತ) ಆದವು ಎನ್ನುವುದೇ ಬಾಬಿಪ್. ಲೀಗ್ ಸರಾಸರಿ .290ರಿಂದ .300ರ ಆಸುಪಾಸು. ಸ್ನೆಲ್‌ನದು 2023ರಲ್ಲಿ .256. ಬೇಸ್‌ಗೆ ಬಂದ ಬ್ಯಾಟರ್‌ಗಳಲ್ಲಿ ರನ್ ಗಳಿಸದೆ ಉಳಿದವರ ಪ್ರಮಾಣ ಲೀಗ್‌ನಲ್ಲಿ ಶೇ 72ರ ಸುತ್ತ ಇದ್ದರೆ ಅವನಿಗೆ ಶೇ 86ಕ್ಕೂ ಹೆಚ್ಚು. ಎರಡೂ ಒಂದೇ ವರ್ಷ ಇಷ್ಟು ಅನುಕೂಲವಾಗಿದ್ದರೆ ಮುಂದಿನ ವರ್ಷ ಇಆರ್‌ಎ ಏರುತ್ತದೆ ಎಂದೇ ಲೆಕ್ಕ ಹಾಕಿ.

ಹಾಗಾದರೆ ನೆಚ್ಚುವುದು ಯಾವುದನ್ನು? ಪಿಚರ್‌ನ ಕೈಯಲ್ಲೇ ಹೆಚ್ಚಾಗಿ ಇರುವ ಮೂರನ್ನು: ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಹೋಮ್ ರನ್ (ಸಾಮಾನ್ಯವಾಗಿ ಮೈದಾನದಾಚೆ ಹೋದ ಹೊಡೆತ). ಇವನ್ನು ಒಟ್ಟು ಸೇರಿಸುವ ಅಳತೆ ಫಿಪ್. ಕೂಡಿಸಿ ಕಳೆಯಲು ಬಂದರೆ ಸಾಕು:

ಹೋಮ್ ರನ್ × 13, ಅದಕ್ಕೆ ವಾಕ್ ಮತ್ತು ಮೈಗೆ ಚೆಂಡು ತಗುಲಿ ಬೇಸ್‌ಗೆ ಹೋದವರ ಮೊತ್ತ × 3 ಕೂಡಿಸಿ. ಅದರಿಂದ ಸ್ಟ್ರೈಕ್‌ಔಟ್ × 2 ಕಳೆಯಿರಿ. ಬಂದದ್ದನ್ನು ಇನಿಂಗ್ಸ್‌ನಿಂದ ಭಾಗಿಸಿ. ಕೊನೆಗೆ ಆ ವರ್ಷದ ಸ್ಥಿರಾಂಕ ಸೇರಿಸಿ. ಫಿಪ್ ಇಆರ್‌ಎ ಮಟ್ಟಕ್ಕೆ ಬರಲೆಂದು ಈ ಸ್ಥಿರಾಂಕ. ಇತ್ತೀಚಿನ ವರ್ಷಗಳಲ್ಲಿ 3.1–3.3ರ ನಡುವೆ ಇದೆ. ಫ್ಯಾನ್‌ಗ್ರಾಫ್ಸ್ ತಾಣ ವರ್ಷವಾರು ಪಟ್ಟಿ ಕೊಡುತ್ತದೆ.

ಸ್ನೆಲ್‌ನ 2023: ಹೋಮ್ ರನ್ 15, ವಾಕ್ 99, ಸ್ಟ್ರೈಕ್‌ಔಟ್ 234. ಮೈಗೆ ತಗುಲಿದವನ್ನು ಬಿಟ್ಟರೆ 195 + 297 − 468 = 24. 180ರಿಂದ ಭಾಗಿಸಿದರೆ 0.13. ಸ್ಥಿರಾಂಕ ಸೇರಿಸಿದರೆ ಸುಮಾರು 3.4. ಅಂದರೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ತಂದುಕೊಟ್ಟ ಆ 2.25ರ ಹಿಂದೆ ಇದ್ದದ್ದು 3.4ರ ಎಸೆತ. ಆ ಸಲ ಲೀಗ್‌ನಲ್ಲೇ ಅತಿ ಹೆಚ್ಚು ವಾಕ್ ಕೊಟ್ಟವನೂ ಅವನೇ.

ಈಗ 2024, ಜಯಂಟ್ಸ್ ಜೊತೆಗಿನ ವರ್ಷ. 104 ಇನಿಂಗ್ಸ್, ಹೋಮ್ ರನ್ 6, ವಾಕ್ 44, ಸ್ಟ್ರೈಕ್‌ಔಟ್ 145. ಅದೇ ಲೆಕ್ಕದಲ್ಲಿ 78 + 132 − 290 = ಮೈನಸ್ 80; ಫಿಪ್ ಸುಮಾರು 2.4. ಇಆರ್‌ಎ ಮಾತ್ರ 3.12ಕ್ಕೆ ಏರಿತ್ತು. ಬರೀ ಇಆರ್‌ಎ ನೋಡಿದವರು ಕೆಟ್ಟ ಎಂದರು, ಅವನು ಎಸೆದದ್ದು ಹಿಂದಿನ ವರ್ಷಕ್ಕಿಂತ ಚೆನ್ನಾಗಿ. ಮೊದಲ ಆರು ಪಂದ್ಯಗಳಲ್ಲಿ ಇಆರ್‌ಎ 9.51 ಇದ್ದದ್ದು ನಿಜ. ಮಾರ್ಚ್ ತಿಂಗಳ ನಡುವೆ ಸಹಿ ಹಾಕಿ ಸರಿಯಾದ ಅಭ್ಯಾಸವಿಲ್ಲದೆ ಕಣಕ್ಕಿಳಿದ, ಆಮೇಲೆ ತೊಡೆಸಂದಿನ ಗಾಯ ಕಾಡಿತು. ಚೇತರಿಸಿಕೊಂಡು ಬಂದವನು ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ.

ಫಿಪ್ ಲೆಕ್ಕ ಹಾಕಲು ಪುರುಸೊತ್ತಿಲ್ಲದಿದ್ದರೆ ಸ್ಟ್ರೈಕ್‌ಔಟ್ ಶೇಕಡಾದಿಂದ ವಾಕ್ ಶೇಕಡಾ ಕಳೆಯಿರಿ. ಎದುರಿಸಿದ ಒಟ್ಟು ಬ್ಯಾಟರ್‌ಗಳ ಮೇಲೆ ಲೆಕ್ಕ ಹಾಕಬೇಕು, ಒಂಬತ್ತು ಇನಿಂಗ್ಸ್ ಲೆಕ್ಕ ಬೇಡ. ಲೀಗ್ ಸರಾಸರಿ 14ರ ಸುತ್ತ. 20 ದಾಟಿದವನು ಒಳ್ಳೆಯ ಪಿಚರ್. ಸ್ನೆಲ್ 2023ರಲ್ಲಿ 18, 2024ರಲ್ಲಿ 24.

ರಿಲೀವರ್‌ಗಳ (ಪಂದ್ಯ ಆರಂಭಿಸಿದ ಪಿಚರ್‌ನ ಬದಲಿಗೆ ನಡುವೆ ಬರುವವರ) ವಿಷಯದಲ್ಲಿ ಇಆರ್‌ಎ ಇನ್ನೂ ಅಪಾಯಕಾರಿ. 60 ಇನಿಂಗ್ಸ್ ಎಸೆದವನು ಒಂದೇ ಕೆಟ್ಟ ರಾತ್ರಿ 5 ರನ್ ಕೊಟ್ಟರೆ ವರ್ಷದ ಇಆರ್‌ಎ 0.75ರಷ್ಟು ಮೇಲೇಳುತ್ತದೆ. ಜೊತೆಗೆ, ಬೇಸ್ ಮೇಲೆ ಇಬ್ಬರಿದ್ದಾಗ ಬಂದ ರಿಲೀವರ್ ಆ ಇಬ್ಬರನ್ನೂ ರನ್ ಗಳಿಸಲು ಬಿಟ್ಟರೆ ಆ ರನ್‌ಗಳು ಅವರನ್ನು ಬೇಸ್‌ಗೆ ಬಿಟ್ಟ ಹಿಂದಿನ ಪಿಚರ್‌ನ ಲೆಕ್ಕಕ್ಕೆ. ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ಹೀಗೆ ಬಳುವಳಿಯಾಗಿ ಬಂದ ಓಟಗಾರರ ಅಂಕಿ ಪ್ರತ್ಯೇಕವಾಗಿದೆ, ತಪ್ಪದೆ ನೋಡಿ.

ಇಷ್ಟಾದ ಮೇಲೆ ದೇಹ. ನಾನು ಅತಿ ಹೆಚ್ಚು ತೂಕ ಕೊಡುವುದು ಇದಕ್ಕೇ. ಕಳೆದ ಐದಾರು ವರ್ಷಗಳ ಇನಿಂಗ್ಸ್ ಸಾಲಾಗಿ ಬರೆದುಕೊಳ್ಳಿ. 2024ರವರೆಗೆ ಸ್ನೆಲ್ 180 ಇನಿಂಗ್ಸ್ ಮುಟ್ಟಿದ್ದು ಎರಡೇ ಸಲ, 2018 ಮತ್ತು 2023; ಎರಡೂ ಬಾರಿ ಸೈ ಯಂಗ್ ಬಂತು. ಉಳಿದ ಯಾವ ವರ್ಷವೂ 130 ದಾಟಿಲ್ಲ. ಇಂಥವನಿಗೆ 180 ಇನಿಂಗ್ಸ್‌ನ ಬೆಲೆ ಕೊಡಬಾರದು. ಜಯಂಟ್ಸ್ ಬಿಟ್ಟ ಮೇಲೆ ಅವನಿಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದವರು 5 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟರು. 2025ರಲ್ಲಿ ಭುಜದ ನೋವಿನಿಂದಾಗಿ ಸಿಕ್ಕಿದ್ದು 61.1 ಇನಿಂಗ್ಸ್. ಇಆರ್‌ಎ 2.35, ಎಸೆದಾಗ ಅದ್ಭುತ. ಅಕ್ಟೋಬರ್‌ನ ನಾಕೌಟ್ ಪಂದ್ಯಗಳಿಗೆ ಅವನು ಸಿಕ್ಕರೆ ಸಾಕು ಎನ್ನುವ ಶ್ರೀಮಂತ ತಂಡಕ್ಕೆ ಇದು ನಡೆಯುತ್ತದೆ. ಐದನೇ ಸ್ಟಾರ್ಟರ್‌ಗೇ (ಪಂದ್ಯ ಆರಂಭಿಸುವ ಪಿಚರ್‌ಗೇ) ಪರದಾಡುವ ತಂಡಕ್ಕೆ ನಡೆಯುವುದಿಲ್ಲ.

ಚೆಂಡಿನ ವೇಗವನ್ನೂ ಬೇಸ್‌ಬಾಲ್ ಸಾವಂತ್ ತಾಣದಲ್ಲಿ ತಿಂಗಳುವಾರು ನೋಡಿ. ಏಪ್ರಿಲ್‌ನ ಚಳಿಯಲ್ಲಿ ವೇಗ ಸಹಜವಾಗಿ ಕಡಿಮೆ ಇರುತ್ತದೆ, ಆದ್ದರಿಂದ ಏಪ್ರಿಲ್‌ಗೆ ಹಿಂದಿನ ಏಪ್ರಿಲ್ಲನ್ನೇ ಹೋಲಿಸಿ. ಸೆಪ್ಟೆಂಬರ್ ಹೊತ್ತಿಗೆ ಗಂಟೆಗೆ ಒಂದೂವರೆ ಮೈಲಿ ಕುಸಿದಿದ್ದರೆ ಮೊಣಕೈ, ಭುಜದ ಸುದ್ದಿ ಹುಡುಕಿ. ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದರೆ ಮರಳಲು 12ರಿಂದ 18 ತಿಂಗಳು.

ಒಪ್ಪಂದ ಓದುವಾಗ ಒಟ್ಟು ಮೊತ್ತಕ್ಕೆ ಮರುಳಾಗಬೇಡಿ. ಜಯಂಟ್ಸ್ ಕೊಟ್ಟದ್ದು 2 ವರ್ಷಕ್ಕೆ 6.2 ಕೋಟಿ ಡಾಲರ್, ಆದರೆ ಮೊದಲ ವರ್ಷದ ನಂತರ ಆಟಗಾರ ಹೊರನಡೆಯಬಹುದಿತ್ತು, ನಡೆದ. ಇಂಥ ಷರತ್ತಿನಲ್ಲಿ ಚೆನ್ನಾಗಿ ಆಡಿದರೆ ಅವನು ಹೋಗುತ್ತಾನೆ, ಕೆಟ್ಟರೆ ತಂಡದ ತಲೆಗೆ ಉಳಿಯುತ್ತಾನೆ. ಪಾಡ್ರೇಸ್ ನೀಡಿದ್ದ ಕ್ವಾಲಿಫೈಯಿಂಗ್ ಆಫರ್ (ಒಪ್ಪಂದ ಮುಗಿದವನಿಗೆ ಹಳೆಯ ತಂಡ ಮುಂದಿಡುವ ಒಂದು ವರ್ಷದ ಒಪ್ಪಂದ) ತಿರಸ್ಕರಿಸಿ ಬಂದವನಾದ್ದರಿಂದ ಜಯಂಟ್ಸ್ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವ ಪ್ರಕ್ರಿಯೆಯಲ್ಲಿ) ಒಂದು ಆಯ್ಕೆಯನ್ನೂ ಕಳೆದುಕೊಂಡಿತು. ಆ ಆಫರನ್ನು ಒಬ್ಬ ಆಟಗಾರನಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು. ಹಾಗಾಗಿ ಅವನು ಬಿಟ್ಟು ಹೋದಾಗ ಜಯಂಟ್ಸ್‌ಗೆ ಪರಿಹಾರವಾಗಿ ಏನೂ ಸಿಗಲಿಲ್ಲ.

ಲಕ್ಷುರಿ ಟ್ಯಾಕ್ಸ್‌ಗೆ (ಸಂಬಳದ ಮಿತಿ ದಾಟಿದ ತಂಡ ಕಟ್ಟುವ ದಂಡಕ್ಕೆ) ಲೆಕ್ಕ ಬೀಳುವುದು ಒಪ್ಪಂದದ ವಾರ್ಷಿಕ ಸರಾಸರಿ. 2025ರಲ್ಲಿ ಇಡೀ ತಂಡಕ್ಕೆ ಮಿತಿ 24.1 ಕೋಟಿ ಡಾಲರ್ ಇತ್ತು. ಮುಂದೂಡಿದ ಹಣವಿದ್ದರೆ ಈ ಸರಾಸರಿ ಇಳಿಯುತ್ತದೆ. ಡಾಡ್ಜರ್ಸ್ ಆಟಗಾರ ಶೋಹೆ ಒಟಾನಿಯ 10 ವರ್ಷದ 70 ಕೋಟಿ ಡಾಲರ್‌ನಲ್ಲಿ 68 ಕೋಟಿ ಮುಂದೂಡಿದ್ದರಿಂದ ವರ್ಷಕ್ಕೆ ಲೆಕ್ಕ ಬೀಳುವುದು 7 ಕೋಟಿಯ ಬದಲು ಸುಮಾರು 4.6 ಕೋಟಿ.

ಇನ್ನು ಪ್ರತಿ ತಂಡ ಮೇಜರ್ ಲೀಗ್‌ಗಾಗಿ ಇಟ್ಟುಕೊಳ್ಳುವ 40 ಜನರ ಪಟ್ಟಿ. ಹೊಸ ಪಿಚರ್‌ಗೆ ಜಾಗ ಬೇಕೆಂದರೆ, ಪಟ್ಟಿ ತುಂಬಿದ್ದಲ್ಲಿ ಒಬ್ಬನನ್ನು ಕೈಬಿಡಲೇಬೇಕು. ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಪಟ್ಟಿಯ ಹೊರಗೆ ಉಳಿದ ಅರ್ಹ ಹುಡುಗರನ್ನು ಬೇರೆ ತಂಡಗಳು ಎತ್ತಿಕೊಳ್ಳುತ್ತವೆ. ಒಬ್ಬ ಸಾಧಾರಣ ರಿಲೀವರ್‌ಗೆ ಸಹಿ ಹಾಕಿಸಿದ ಸುದ್ದಿ ಬಂದಾಗ, ಅವನಿಗಾಗಿ ಪಟ್ಟಿಯಿಂದ ಹೊರಬಿದ್ದವನ ಸ್ಟ್ರೈಕ್‌ಔಟ್, ವಾಕ್ ಶೇಕಡಾಗಳನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿ.