ಮಸ್ತಿ ‘ಮಸಿತ’ ಆಗುವುದೇಕೆ?

ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡಿನ ಕಡೆ ನಮ್ಮ ಕನ್ನಡಿಗರ ಎಷ್ಟೋ ಮಕ್ಕಳು ಶಾಲೆಯಲ್ಲಿ ಮರಾಠಿ ತಿದ್ದಿ ಬಂದು ಮನೆಯಲ್ಲಿ ಕನ್ನಡ ಓದಲು ಕೂರುತ್ತವೆ. ‘ಮಸ್ತಿ’ ಎಂದು ಬರೆದು ತೋರಿಸಿದರೆ ಮಗು ‘ಮಸಿತ’ ಎಂದೀತು. ಗದರಬೇಡಿ, ಕಣ್ಣಿಗೆ ಕಂಡದ್ದನ್ನೇ ಅದು ಓದಿದೆ. ಮರಾಠಿಯ ‘मस्ती’ಯಲ್ಲಿ ಸ ಅರ್ಧವಾಗುತ್ತದೆ, ‘ಈ’ಕಾರ ತ-ಗೆ ಅಂಟುತ್ತದೆ. ನಮ್ಮಲ್ಲಿ ‘ಇ’ಯ ಗುರುತಾದ ಗುಡಿಸು ಮೇಲಿನ ಸ-ಗೇ ಬೀಳುತ್ತದೆ, ತ ಒತ್ತಾಗಿ ಕೆಳಗಿಳಿಯುತ್ತದೆ. ಆದರೂ ಬಾಯಲ್ಲಿ ‘ಇ’ ಬರುವುದು ಕೊನೆಗೆ.

ಇದು ಕಾಗುಣಿತ ಬಾಯಿಪಾಠದಿಂದ ಸರಿಹೋಗುವುದಲ್ಲ. ಸ್ಲೇಟಿನ ಮೇಲೆ ಒಂದರ ಕೆಳಗೊಂದು ಸ, ಸ್ತ, ಸ್ತಿ ಎಂದು ದೊಡ್ಡದಾಗಿ ಬರೆಯಿರಿ, ಒತ್ತಿಗೆ ಬೇರೆ ಬಣ್ಣದ ಬಳಪ ಇರಲಿ. ಮೂರನ್ನೂ ಬೆರಳಿಟ್ಟು ಓದಿಸಿ, ಆಮೇಲೆ ‘ಮ’ ಸೇರಿಸಿ. ದಿನಕ್ಕೆ ಮೂರು ಪದ ಸಾಕು.

ಒತ್ತಕ್ಷರವನ್ನು ‘ಅಮ್ಮ’ನಿಂದ ಶುರು ಮಾಡುವ ಆಸೆ ಎಲ್ಲರಿಗೂ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ಮಗು ಕಂಗಾಲಾಗುತ್ತದೆ. ಅಜ್ಜ, ದೊಡ್ಡ, ಅಣ್ಣ ಮೊದಲು ಬರಲಿ. ಅಲ್ಲಿ ಒತ್ತು ನೋಡಿದೊಡನೆ ಗುರುತು ಸಿಗುತ್ತದೆ. ಅನ್ನ, ಅಮ್ಮ, ಬೆಲ್ಲ ಎರಡು ವಾರ ಕಾಯಲಿ.

ಇನ್ನೊಂದು ತೊಡಕು ಎ-ಏ, ಒ-ಓ. ಮರಾಠಿ ಬರಹದಲ್ಲಿ ಇವಕ್ಕೆ ಒಂದೊಂದೇ ಅಕ್ಷರ, ಹಾಗಾಗಿ ಮಗುವಿಗೆ ‘ಒಲೆ’, ‘ಓಲೆ’ ಎರಡೂ ಒಂದೇ. ಗ್ಯಾಸ್ ಒಲೆ ತೋರಿಸಿ ಒಂದು ಚಪ್ಪಾಳೆ, ಕಿವಿಯ ಓಲೆ ಮುಟ್ಟಿ ಕೈ ಎಳೆದು ‘ಓ...ಲೆ’. ಕಿವಿಗೆ ಭೇದ ತಿಳಿಯುವ ಮುನ್ನ ಬರೆಸಿದರೆ ಬರೀ ಊಹೆಯಾಗುತ್ತದೆ.

ಶಾಲೆಯ ಹೋಮ್‌ವರ್ಕ್ ಮೊದಲು ಮುಗಿಯಲಿ, ಆದರೆ ಅದರ ಬೆನ್ನಿಗೇ ಕನ್ನಡ ಪುಸ್ತಕ ಕೈಗಿಡಬೇಡಿ, ಎರಡು ಲಿಪಿ ಕಲಸಿಹೋಗುತ್ತವೆ. ತಿಂಡಿ ಕೊಟ್ಟು ಅರ್ಧ ಗಂಟೆ ಕೆಳಗೆ ಆಡಲು ಬಿಡಿ. ಆಮೇಲೆ ಹದಿನೈದು ನಿಮಿಷ, ಟಿ.ವಿ. ಆರಿಸಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬೀಳಲಿ. ತಪ್ಪು ಓದಿದರೆ ಮನಸ್ಸಿನಲ್ಲೇ ಐದು ಎಣಿಸಿ; ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ. ಮಗುವಿನ ಕೈಯಿಂದ ಪೆನ್ಸಿಲ್ ಕಿತ್ತು ನೀವೇ ಬರೆಯುವುದು ಮಾತ್ರ ಖಂಡಿತ ಬೇಡ.

ಬೀದಿಯಲ್ಲಿ ಕನ್ನಡ ಫಲಕ ಕಾಣುವುದು ಅಪರೂಪ. ಊರಿನಿಂದ ಬಂದ ಮದುವೆ ಕಾಗದವನ್ನು ರದ್ದಿಗೆ ಹಾಕಬೇಡಿ. ಮದುಮಕ್ಕಳ ಹೆಸರು ದಪ್ಪಕ್ಷರದಲ್ಲಿರುತ್ತದೆ, ಬಳಗದವರ ಹೆಸರು ಮಗುವಿಗೆ ಮೊದಲೇ ಗೊತ್ತಿರುತ್ತದೆ. ಅಲ್ಲಿ ಅರ್ಧ ಅಕ್ಷರ ಕೂಡಿಸಿಕೊಂಡರೂ ಉಳಿದರ್ಧ ತಾನಾಗಿ ಬಾಯಿಗೆ ಬರುತ್ತದೆ.