ಗಣಿತದ ಚಾನೆಲ್‌ನಿಂದ ಮನೆ ನಡೆಸುವುದು

ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಯೂಟ್ಯೂಬ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಖರ್ಚು ಇದರಿಂದಲೇ ನಡೆಯುತ್ತದೆ. ಆದರೆ ನಡೆಸುತ್ತಿರುವುದು ಜಾಹೀರಾತಿನ ದುಡ್ಡಲ್ಲ.

ಸಾವಿರ ಸಬ್‌ಸ್ಕ್ರೈಬರ್, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆದರೆ ಜಾಹೀರಾತಿನ ಪಾಲು ಶುರು. ಉದ್ದದ ವಿಡಿಯೊಗಳಲ್ಲಿ (ಶಾರ್ಟ್ಸ್ ಅಲ್ಲ) ನಮಗೆ ಶೇ. 55 ಸಿಗುತ್ತದೆ. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಬ್ಯಾಂಕಿಗೆ ಏನೂ ಬರುವುದಿಲ್ಲ. ನನ್ನ ವಿಡಿಯೊ ಓಡುವುದು ಜನವರಿಯಿಂದ ಮಾರ್ಚ್‌ವರೆಗೆ. ರಜೆ ಬಂತು ಅಂದರೆ ನೋಡುವವರೇ ಇಲ್ಲ. ಇದನ್ನು ನಂಬಿ ರೇಷನ್ ತರೋಕಾಗಲ್ಲ, ಅಲ್ವಾ?

ಹಾಗಾಗಿ ವಿಡಿಯೊ ಎಲ್ಲ ಪುಕ್ಕಟೆ ಇಟ್ಟು, ಅಭ್ಯಾಸದ ಲೆಕ್ಕಗಳ ಪಿಡಿಎಫ್ ಮಾರಲು ಶುರುಮಾಡಿದೆ. ಬೆಲೆ 99 ರೂಪಾಯಿ. ದುಡ್ಡು ಹೋಗುವುದು ಅಪ್ಪನ ಫೋನಿನಿಂದ. ಕೇಳಲು ಮಗು ಹಿಂಜರಿಯಬಾರದು, ಅದೇ ನನ್ನ ಲೆಕ್ಕ. ತಿಂಗಳ ಚಂದಾ ಬೇಡವೆಂದೆ. ಖಾತೆಯಿಂದ ತಾನಾಗೇ ದುಡ್ಡು ಕಟ್ ಆಗುತ್ತದೆ ಅಂದರೆ ಹಳ್ಳಿಯ ಮನೆಗಳಲ್ಲಿ ಹೆದರುತ್ತಾರೆ, ಹೆದರುವುದು ಸರಿಯೇ. ಒಮ್ಮೆ ಕೊಟ್ಟರೆ ಪರೀಕ್ಷೆ ಮುಗಿಯುವವರೆಗೂ ಸಾಕು.

ಮೊದಲು ಕ್ಯೂಆರ್ ಕೋಡ್ ಕೊಡುತ್ತಿದ್ದೆ. ಶುಲ್ಕವಿಲ್ಲ, ನಿಜ. ಆದರೆ ದುಡ್ಡು ಹಾಕಿದ್ದೇವೆಂದು ಕಳಿಸುವ ಸ್ಕ್ರೀನ್‌ಶಾಟ್ ನಂಬುವ ಹಾಗಿಲ್ಲ. ಪ್ರತಿಯೊಂದರ ಯುಟಿಆರ್ ನಂಬರನ್ನು (ಆ ಪಾವತಿಯ ಗುರುತಿನ ಸಂಖ್ಯೆ) ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಬೇಕು. ಈಗ ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಸೇವೆಯ ಲಿಂಕ್ ಇದೆ. ನೂರಕ್ಕೆ ಸುಮಾರು ಎರಡು ರೂಪಾಯಿ ಹೋದರೂ ಪಿಡಿಎಫ್ ತಾನಾಗೇ ತಲುಪುತ್ತದೆ, ನನ್ನ ರಾತ್ರಿಗಳು ಪಾಠ ತಯಾರಿಗೆ ಉಳಿಯುತ್ತವೆ.

ಪಿಡಿಎಫ್ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡುತ್ತದೆ. ಅದರ ಹಿಂದೆ ಓಡಲಿಲ್ಲ. ಕೊಂಡವರಿಗೆ ಭಾನುವಾರ ಲೈವ್ ಡೌಟ್ ಕ್ಲಾಸ್ ಸೇರಿಸಿದೆ. ಫೈಲ್ ಫಾರ್ವರ್ಡ್ ಮಾಡಬಹುದು, ತನ್ನದೇ ಡೌಟಿಗೆ ಉತ್ತರ ಬೇಕಾದರೆ ಕ್ಲಾಸಿಗೇ ಬರಬೇಕು.

2024ರಲ್ಲಿ, ಫೇಲಾದವರು ಅದೇ ವರ್ಷ ಮತ್ತೆ ಬರೆಯುವಂತೆ ವರ್ಷಕ್ಕೆ ಮೂರು ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದಾಗ ನನ್ನ ಕೆಲಸದ ಕ್ಯಾಲೆಂಡರೇ ಬದಲಾಯಿತು. ಫಲಿತಾಂಶದ ಮರುದಿನ ಹಾವೇರಿ ಕಡೆಯ ತಾಯಿಯೊಬ್ಬರು ಫೋನ್ ಮಾಡಿದರು: "ಮೇಡಂ, ಮಗಳು ಗಣಿತ ಒಂದ್ರಾಗ ಫೇಲ್ ಆಗ್ಯಾಳ್ರೀ, ಪೂರಾ ಪುಸ್ತಕ ಓದಾಕ ಟೈಮಿಲ್ಲ." ಅಂಥವರಿಗಾಗಿ ಬೇರೆಯೇ ಪಾಸಿಂಗ್ ಪ್ಯಾಕೇಜ್ ಮಾಡಿದೆ: ಸಮಾಂತರ ಶ್ರೇಢಿ, ನಕ್ಷೆ ಬಿಡಿಸುವ ಲೆಕ್ಕ, ಥೇಲ್ಸ್ ಪ್ರಮೇಯ, ಇಂಥವು ಮಾತ್ರ. ಸುಮ್ನೆ ಕೂರುತ್ತಿದ್ದ ತಿಂಗಳುಗಳಲ್ಲೂ ಆದಾಯ ಬಂತು.

ಕೋಚಿಂಗ್ ಸಂಸ್ಥೆಗಳ ಪ್ರಾಯೋಜಕತ್ವ ತೆಗೆದುಕೊಳ್ಳುವುದಿಲ್ಲ. ಫೀಸು ಕಟ್ಟಲಾಗದೆ ನನ್ನ ಹತ್ತಿರ ಬಂದ ಮಕ್ಕಳನ್ನು ಮತ್ತೆ ಅಲ್ಲಿಗೇ ಕಳಿಸಲು ಮನಸ್ಸಾಗದು. 99 ಕೂಡ ಕೊಡಲಾಗದವರು ಶಾಲೆಯ ಹೆಸರು ಬರೆದು ಮೆಸೇಜ್ ಹಾಕಿದರೆ ಪಿಡಿಎಫ್ ಕಳಿಸುತ್ತೇನೆ, ಪುರಾವೆ ಕೇಳುವುದಿಲ್ಲ. ಇತ್ತೀಚೆಗೆ ಸರ್ಕಾರಿ ಶಾಲೆಯ ಶಿಕ್ಷಕರೇ ಇಡೀ ತರಗತಿಗೆ ಕೇಳುತ್ತಿದ್ದಾರೆ. ಅವರಿಗೆ ಜೆರಾಕ್ಸ್ ಹಾಕಿಸುವ ಅನುಮತಿಯನ್ನೂ ಸೇರಿಸಿ ಒಂದೇ ದರ ಇಟ್ಟಿದ್ದೇನೆ.