ಸಬ್‌ವೂಫರ್ ಇಲ್ಲದ ಹೋಮ್ ಥಿಯೇಟರ್: ಉಳಿದ ಸ್ಪೀಕರ್‌ಗಳನ್ನು ಹಾಡಿಸುವುದು ಹೇಗೆ?

ಹಳೇ 5.1 ಹೋಮ್ ಥಿಯೇಟರ್ ಸೆಟ್ ತೀರಾ ಕಡಿಮೆಗೆ ಸಿಕ್ಕಿತು ಅಂದರೆ ಅದರಲ್ಲಿ ಏನೋ ಒಂದು ಇಲ್ಲ ಅಂತಲೇ ಲೆಕ್ಕ. ಸಾಮಾನ್ಯವಾಗಿ ಐದು ಪುಟ್ಟ ಸ್ಪೀಕರ್ ಇರುತ್ತವೆ, ದೊಡ್ಡ ಡಬ್ಬ, ಅಂದರೆ ಬೇಸ್ (ತಗ್ಗಿನ ದಪ್ಪ ಸದ್ದು) ಕೊಡುವ ಸಬ್‌ವೂಫರ್, ನಾಪತ್ತೆ. ತೊಂದರೆ ಏನೆಂದರೆ ಸದ್ದನ್ನು ಜೋರು ಮಾಡುವ ಆಂಪ್ಲಿಫಯರ್ ಇರುವುದು ಆ ಡಬ್ಬದ ಒಳಗೆ, ಇಲ್ಲವೇ ಸೆಟ್‌ನ ಡಿವಿಡಿ ಪ್ಲೇಯರ್ ಒಳಗೆ. ಪುಟ್ಟ ಸ್ಪೀಕರ್‌ಗಳ ತಂತಿಯನ್ನು ಸುಮ್ನೆ ಟಿವಿಗೆ ಚುಚ್ಚಿದರೆ ಉಪಯೋಗವಿಲ್ಲ.

ಅದೇ ಮಾಡೆಲ್ ಡಬ್ಬ ಹುಡುಕುತ್ತಾ ಅಲೆಯಬೇಡಿ. ಸಿಕ್ಕರೂ ಅದು ಕೆಟ್ಟಿರಬಹುದು. ಒಂದು ಸಣ್ಣ ಆಂಪ್ಲಿಫಯರ್ ಬೋರ್ಡ್ ಸಾಕು. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಕೇಳಿ, ಉಳಿದವರಿಗೆ ಆನ್‌ಲೈನ್ ಇದೆ.

ದುಡ್ಡು ಕೊಡುವ ಮುಂಚೆ ಒಂದು ಪೆನ್ಸಿಲ್ ಸೆಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಸ್ಪೀಕರ್‌ನ ಎರಡು ತಂತಿಯನ್ನು ಸೆಲ್‌ನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿ, ಹಿಡಿದುಕೊಂಡು ನಿಲ್ಲಬೇಡಿ. ಟಪ್ ಅಂತ ಸದ್ದು ಬಂದರೆ ಒಳಗಿನ ತಂತಿಸುರುಳಿ (ಕಾಯಿಲ್) ಸರಿಯಿದೆ. ಆಗ ಸ್ಪೀಕರ್‌ನ ಅಲುಗುವ ಮುಂಭಾಗ (ಕೋನ್) ಮುಂದಕ್ಕೆ ಬಂದರೆ ಸೆಲ್‌ನ ಪ್ಲಸ್‌ಗೆ ತಾಗಿದ ತಂತಿಯೇ ಸ್ಪೀಕರ್‌ನ ಪ್ಲಸ್, ಅದಕ್ಕೊಂದು ಗುರುತು ಹಾಕಿಬಿಡಿ. ಕೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಕರಕರ ಅಂತ ಉಜ್ಜಿದರೆ ಆ ಸ್ಪೀಕರ್ ಬೇಡ.

ಆಮೇಲೆ ಸ್ಪೀಕರ್ ಹಿಂದಿನ ಚೀಟಿಯಲ್ಲಿ ಎಷ್ಟು ಓಮ್ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ) ಅಂತ ಓದಿ. ಇದನ್ನೇ ಜನ ನೋಡುವುದಿಲ್ಲ, ಬೋರ್ಡ್ ಸುಡುವುದೂ ಇದರಿಂದಲೇ. ಇಂಥ ಸೆಟ್‌ಗಳಲ್ಲಿ 3 ಓಮ್ ಸ್ಪೀಕರ್‌ಗಳು ಬಹಳ, ಆದರೆ ಬೋರ್ಡ್‌ಗಳು ಕೇಳುವುದು 4ರಿಂದ 8 ಓಮ್. ಚೀಟಿ ಹರಿದಿದ್ದರೆ ಮಲ್ಟಿಮೀಟರ್ ಇಡಿ, ಅದು ನಿಜವಾದ ಓಮ್‌ಗಿಂತ ಸ್ವಲ್ಪ ಕಮ್ಮಿಯೇ ತೋರಿಸುತ್ತದೆ.

3 ಓಮ್‌ನವಾದರೆ ಎಡಕ್ಕೆ ಎರಡು, ಬಲಕ್ಕೆ ಎರಡು ಸೀರೀಸ್‌ನಲ್ಲಿ ಜೋಡಿಸಿ. ಬೋರ್ಡ್‌ನ ಪ್ಲಸ್‌ನಿಂದ ಮೊದಲ ಸ್ಪೀಕರ್‌ನ ಪ್ಲಸ್‌ಗೆ, ಅದರ ಮೈನಸ್‌ನಿಂದ ಎರಡನೆಯದರ ಪ್ಲಸ್‌ಗೆ, ಅಲ್ಲಿಂದ ವಾಪಸ್ ಬೋರ್ಡ್‌ನ ಮೈನಸ್‌ಗೆ. ಒಟ್ಟು 6 ಓಮ್ ಆಯಿತು, ಬೋರ್ಡ್ ಆರಾಮಾಗಿರುತ್ತದೆ. ಪ್ಯಾರಲಲ್ ಮಾಡಿದರೆ, ಅಂದರೆ ಎರಡರ ಪ್ಲಸ್ ಒಟ್ಟಿಗೆ, ಮೈನಸ್ ಒಟ್ಟಿಗೆ ಸೇರಿಸಿದರೆ, ಒಂದೂವರೆ ಓಮ್‌ಗೆ ಇಳಿದು ಬೋರ್ಡ್ ಹೋಗುತ್ತದೆ. ಎಡ ಬಲದ ಮೈನಸ್‌ಗಳನ್ನು ಒಟ್ಟಿಗೆ ಕಟ್ಟಲೇಬೇಡಿ, ಇಂಥ ಸಣ್ಣ ಬೋರ್ಡ್‌ಗಳಲ್ಲಿ (ಕ್ಲಾಸ್-ಡಿ ಅನ್ನುತ್ತಾರೆ) ಮೈನಸ್ ಅಂದರೆ ಎರಡೂ ಬದಿಗೆ ಒಂದೇ ಆದ ಗ್ರೌಂಡ್ ಅಲ್ಲ. ತಂತಿಯ ತುದಿಯಲ್ಲಿ ಕಂಪನಿಯ ವಿಚಿತ್ರ ಪಿನ್ ಇದ್ದರೆ ಮುಲಾಜಿಲ್ಲದೆ ಕತ್ತರಿಸಿ. ಬಣ್ಣ ನೋಡಿಕೊಳ್ಳಿ: ಸಾಮಾನ್ಯವಾಗಿ ಬಿಳಿ ಮುಂದಿನ ಎಡ, ಕೆಂಪು ಮುಂದಿನ ಬಲ, ಹಸಿರು ಸೆಂಟರ್.

ಬೋರ್ಡ್ ಯಾವುದು? ಟಿಪಿಎ3116 ಚಿಪ್‌ನದು ತಗೊಳ್ಳಿ, ಬ್ಲೂಟೂತ್ ಸೇರಿಸಿದ್ದೂ ಸಿಗುತ್ತದೆ. ಮೂಲೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್‌ನ 19 ವೋಲ್ಟ್ ಚಾರ್ಜರ್ ಅದಕ್ಕೆ ಸರಿಹೋಗುತ್ತದೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ಮೇಲೆ ಕಡೇಪಕ್ಷ 25 ವೋಲ್ಟ್ ಅಂತ ಬರೆದಿರಬೇಕು, 16ರದ್ದಾದರೆ 12 ವೋಲ್ಟ್ ಅಡಾಪ್ಟರ್ ಹಾಕಿ.

ಈಗ ಹಾಡು ಬರುತ್ತದೆ. ಆದರೆ ವಾಲ್ಯೂಮ್ ಏರಿಸಿದರೆ ಪುಟ್ಟ ಕೋನ್‌ಗಳು ಬೇಸ್ ತಡೆಯಲಾರದೆ ಒದರಾಡುತ್ತವೆ, ಅಲ್ವಾ? ಮೊದಲು ಆ ಬೇಸನ್ನು ದೊಡ್ಡ ಡಬ್ಬ ಸೋಸಿ ತಾನೇ ಇಟ್ಟುಕೊಳ್ಳುತ್ತಿತ್ತು. ಆ ಸೋಸುವ ಕೆಲಸಕ್ಕೆ ಪ್ರತಿ ಬದಿಯ ಪ್ಲಸ್ ತಂತಿಯಲ್ಲಿ ಒಂದೊಂದು 220 ಮೈಕ್ರೋಫ್ಯಾರಡ್ ನಾನ್-ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರ್ ಹಾಕಿ. 6 ಓಮ್‌ಗೆ ಅದು 120 ಹರ್ಟ್ಸ್‌ನಿಂದ ಕೆಳಗಿನದ್ದನ್ನು ತಗ್ಗಿಸುತ್ತಾ ಹೋಗುತ್ತದೆ. ನಾನ್-ಪೋಲಾರ್ ಸಿಗಲಿಲ್ಲವೇ? ಮಾಮೂಲಿ 470ರದ್ದು ಎರಡು ತಂದು ಮೈನಸ್‌ಗೆ ಮೈನಸ್ ಬೆಸೆಯಿರಿ, ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಬೋಸ್ ಅಕೌಸ್ಟಿಮಾಸ್‌ನಂಥ ಪುಟಾಣಿ ಕ್ಯೂಬ್‌ಗಳಿಗಂತೂ ಇದು ಬೇಕೇ ಬೇಕು.

ಟಿವಿಯಲ್ಲಿ ಹೆಡ್‌ಫೋನ್ ತೂತು ಇದ್ದರೆ ಸೀದಾ ಬೋರ್ಡ್‌ಗೆ ಹಾಕಿ. ಬರೀ ಆಪ್ಟಿಕಲ್ (ಬೆಳಕಿನ ಮೂಲಕ ಡಿಜಿಟಲ್ ಸದ್ದು ಕಳಿಸುವ ತೂತು) ಇದ್ದರೆ ನಡುವೆ ಒಂದು ಸಣ್ಣ ಡಿಎಸಿ, ಅಂದರೆ ಡಿಜಿಟಲ್ ಅನ್ನು ಮಾಮೂಲಿ ಆಡಿಯೋ ಮಾಡುವ ಡಬ್ಬಿ, ಬೇಕು, ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋವನ್ನು ಪಿಸಿಎಂ ಮಾಡಿ, ಇಲ್ಲದಿದ್ದರೆ ಸದ್ದೇ ಬರದೆ ಡಿಎಸಿ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಸ್ಪೀಕರ್‌ಗಳನ್ನು ಗೋಡೆಗೆ ಒತ್ತಿ, ಸಾಧ್ಯವಾದರೆ ಮೂಲೆಗೆ ಇಡಿ, ಸ್ವಲ್ಪ ಬೇಸ್ ಪುಕ್ಕಟೆ ಸಿಗುತ್ತದೆ. ಇನ್ನೂ ಸಾಲದು ಅನಿಸಿದರೆ ಗುಜರಿಯಲ್ಲಿ ಒಂಟಿ ಸಬ್‌ವೂಫರ್‌ಗೆ ಕಣ್ಣಿಟ್ಟಿರಿ. ಹಿಂದೆ ಬರೀ ಎರಡು ತಂತಿ ಇದ್ದು ಕರೆಂಟ್ ವೈರ್ ಇಲ್ಲದ್ದು ಸಿಕ್ಕರೆ, ಅದೇ ಚಿಪ್‌ನ 2.1 ಬೋರ್ಡ್ (ಎಡ, ಬಲ, ಜೊತೆಗೆ ಸಬ್‌ವೂಫರ್‌ಗೆ) ತಂದು ಸೇರಿಸಬಹುದು.